ಊರುಗೋಲು ಹಿಡಿದ ಮರ

'ಮೇಜರ್ ಓಕ್' ಎಂದಾಗ ಮೇಜರ್ ಅಂದರೆ ದೊಡ್ಡದು ಎಂದುಕೊಳ್ಳುವುದು ಸಹಜ. ಆದರೆ ಅದು ಸೈನ್ಯದ ಹುದ್ದೆ. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ಶೈರ್ ಸೀಮೆಯ ಹಳೆಯ ಓಕ್ ಮರಗಳ ಬಗ್ಗೆ ಮೇಜರ್ ಹೇಮನ್ ರೂಕ್ ಎಂಬಾತ 1790ರಲ್ಲಿ ಒಂದು ಸಚಿತ್ರ ಪುಸ್ತಕ ಬರೆದ. ಆಮೇಲೆ ಷರ್ವುಡ್ ಕಾಡಿನ ಈ ಮರಕ್ಕೆ ಅವನ ಹುದ್ದೆಯೇ ಹೆಸರಾಯಿತು. ಅದಕ್ಕೂ ಮೊದಲು ಇದು ಕಾಕ್‌ಪೆನ್ ಮರ. ಅಂಕದ ಹುಂಜಗಳನ್ನು ಇದರ ಪೊಟರೆಯೊಳಗೆ ಕೂಡಿಹಾಕುತ್ತಿದ್ದರಂತೆ.

ಬೊಡ್ಡೆಯ ಸುತ್ತಳತೆ ಸುಮಾರು 11 ಮೀಟರ್. ಕೊಂಬೆಗಳ ಹರಹು 28 ಮೀಟರ್. ತೂಕ ಅಂದಾಜು 23 ಟನ್. ವಯಸ್ಸು ಮಾತ್ರ 800 ವರ್ಷವೆಂದು ಕೆಲವರು, ಸಾವಿರ ದಾಟಿದೆಯೆಂದು ಕೆಲವರು. ಉಂಗುರ ಎಣಿಸೋಣವೆಂದರೆ ಒಳಗೆ ಮರವೇ ಇಲ್ಲ, ಬರೀ ಟೊಳ್ಳು. ರಾಬಿನ್ ಹುಡ್ ಮತ್ತವನ ಸಂಗಡಿಗರು ಈ ಪೊಟರೆಯಲ್ಲಿ ಅಡಗಿ ಕೂರುತ್ತಿದ್ದರೆಂಬ ಕಥೆ ಊರಿಗೆಲ್ಲ ಗೊತ್ತು. 800ರ ಲೆಕ್ಕವನ್ನೇ ಹಿಡಿದರೆ, ಕಥೆಯ ಕಾಲಕ್ಕೆ ಇದಿನ್ನೂ ಸಸಿ. ಅದರೊಳಗೆ ಅಡಗಲು ಇರುವೆಯಾಗಿರಬೇಕಿತ್ತು. ಆದರೂ ಜನ ಬರುವುದು ಆ ಕಥೆಗಾಗಿಯೇ.

ಟೊಳ್ಳು ಅಂದಕೂಡಲೇ ರೋಗವೆಂದು ಗಾಬರಿಯಾಗುತ್ತೇವೆ. ಮುದಿ ಓಕ್‌ಗೆ ಅದು ಮಾಮೂಲು. ನಡುವಿನ ಚೇಗು ಎಂದೋ ಸತ್ತ ಭಾಗ, ನೀರು ಸಾಗುವುದು ತೊಗಟೆಯ ಕೆಳಗಿನ ಹೊಸ ಪದರಗಳಲ್ಲಿ. ಚೇಗನ್ನು ತಿನ್ನುವ ಅಣಬೆಗಳಿವೆ. ಅವುಗಳಲ್ಲೊಂದು ಹಸಿ ಈಲಿಯಂತೆ ಕೆಂಪಗೆ ಕಾಂಡಕ್ಕೆ ಅಂಟಿಕೊಂಡಿರುತ್ತದೆ, ಕುಯ್ದರೆ ರಕ್ತದಂಥ ರಸ ಒಸರುತ್ತದೆ. ಅದು ತಿಂದುಬಿಟ್ಟ ಕಂದು ಪುಡಿಯಲ್ಲಿ ದುಂಬಿಯ ಹುಳುಗಳು ವರ್ಷಗಟ್ಟಲೆ ಬೆಳೆಯುತ್ತವೆ. ಮರವೂ ಆ ಗೊಬ್ಬರದೊಳಕ್ಕೆ ಬೇರು ಇಳಿಸಿ ತನ್ನದೇ ಚೇಗನ್ನು ಉಣ್ಣುವುದುಂಟು. ಇನ್ನು ಗಟ್ಟಿತನದ ಮಾತು: ಬಿದಿರನ್ನು ಬಲ್ಲವರಿಗೆ ಟೊಳ್ಳು ಕೊಳವೆಯ ಕಸುವನ್ನು ಬಿಡಿಸಿ ಹೇಳಬೇಕಿಲ್ಲ.

ವಯಸ್ಸಾದ ಓಕ್ ಮಾಡುವ ಇನ್ನೊಂದು ಕೆಲಸವುಂಟು. ತುದಿಯ ಉದ್ದ ಕೊಂಬೆಗಳನ್ನು ಒಣಗಲು ಬಿಟ್ಟು, ಬುಡಕ್ಕೆ ಹತ್ತಿರವಾಗಿ ಹೊಸ ಚಿಗುರು ಹೊಡೆದು, ಮರ ಕುಗ್ಗುತ್ತದೆ. ಸಂಸಾರ ದೊಡ್ಡದಾಯಿತೆಂದು ಖರ್ಚು ಇಳಿಸುವ ಯಜಮಾನನ ಹಾಗೆ. ನೋಡುವವರಿಗೆ ಅದು ಸಾವಿನಂತೆ ಕಾಣುತ್ತದೆ. ಎಡವಟ್ಟಾಗಿದ್ದು ಅಲ್ಲಿಯೇ. ಮೇಜರ್ ಓಕ್‌ನ ಕೊಂಬೆ ಬೀಳದಿರಲೆಂದು 1908ರಲ್ಲಿ ಕಬ್ಬಿಣದ ಸರಪಳಿಗಳನ್ನು ಬಿಗಿದರು. 1970ರ ದಶಕದ ಕೊನೆಗೆ ದಪ್ಪ ಮರದ ಕಂಬಗಳು ಬಂದವು, ಈಗ ಸಪೂರ ಉಕ್ಕಿನ ಕಂಬಗಳಿವೆ. ನಮ್ಮ ಆಲಕ್ಕೆ ಬಿಳಲುಗಳಿವೆ, ತನ್ನ ಆಸರೆಯನ್ನು ತಾನೇ ಇಳಿಸಿಕೊಳ್ಳುತ್ತದೆ. ಓಕ್‌ಗೆ ಆ ಭಾಗ್ಯವಿಲ್ಲ. ಅದಕ್ಕಿರುವ ದಾರಿ ಕುಗ್ಗುವುದೊಂದೇ. ಊರುಗೋಲು ಕೊಟ್ಟವರು ಆ ದಾರಿಗೇ ಅಡ್ಡ ನಿಂತಂತಾಯಿತು. ಶತಮಾನದ ಹಿಂದೆಯೇ ಇಳಿಯಬೇಕಿದ್ದ ಭಾರವನ್ನು ಮರ ಇಂದಿಗೂ ಹೊತ್ತಿದೆ. ಈಗ ಕಂಬ ತೆಗೆಯೋಣವೆಂದರೆ ಕೊಂಬೆ ಅದನ್ನೇ ನಂಬಿಕೊಂಡಿದೆ. ಅಂದು ಸರಪಳಿ ಕಟ್ಟಿದವರನ್ನು ಬೈಯಲು ನನಗೆ ಮನಸ್ಸಿಲ್ಲ, ಕಣ್ಣೆದುರಿಗೆ ಕೊಂಬೆ ಬಿರಿಯುವಾಗ ಕೈಕಟ್ಟಿ ಕೂರುವುದು ಯಾರಿಗೂ ಸುಲಭವಲ್ಲ.

ಕಾಣದೆ ಆದ ಹಾನಿ ನೆಲದ ಕೆಳಗಿತ್ತು. ನೋಡಲು ಬಂದವರೆಲ್ಲ ಬುಡದವರೆಗೂ ಹೋಗಿ ಕಾಂಡ ಮುಟ್ಟಿ, ಪೊಟರೆಯೊಳಗೆ ನುಗ್ಗಿ ಬರುತ್ತಿದ್ದರು. ಲಕ್ಷಾಂತರ ಪಾದಗಳು ತುಳಿದ ಮಣ್ಣು ಕಣದ ನೆಲದಂತೆ ಗಟ್ಟಿಯಾಯಿತು. ಅಂಥ ಮಣ್ಣಿನಲ್ಲಿ ಮಳೆನೀರು ಇಂಗುವುದಿಲ್ಲ, ಗಾಳಿಯಾಡುವುದಿಲ್ಲ, ಬೇರಿನ ಜೊತೆ ಬಾಳುವ ಸೂಕ್ಷ್ಮ ಶಿಲೀಂಧ್ರಗಳೂ ಬದುಕುವುದಿಲ್ಲ. 1970ರ ದಶಕದಲ್ಲಿ ಸುತ್ತ ಬೇಲಿ ಹಾಕಿದರು. ಇಷ್ಟು ವರ್ಷಗಳ ಆರೈಕೆಯಲ್ಲಿ ಮರಕ್ಕೆ ನಿಜವಾಗಿ ಒದಗಿಬಂದದ್ದು, ನನ್ನ ಲೆಕ್ಕದಲ್ಲಿ, ಈ ಬೇಲಿಯೇ.

2003ರಲ್ಲಿ, ಇದರ ಬೀಜಗಳಿಂದ ಬೆಳೆಸಿದ 260 ಸಸಿಗಳ ತೋಪೊಂದನ್ನು ಡಾರ್ಸೆಟ್ ಸೀಮೆಯಲ್ಲಿ ಶುರುಮಾಡಿದರು. ಅವುಗಳ ಕೆಳಗೆ ಸದ್ಯ ಕಂಬಗಳೂ ಬೇಕಿಲ್ಲ, ಕಥೆಗಳೂ ಹುಟ್ಟಿಲ್ಲ.