ಮರಗೆಲಸಕ್ಕೆ ಹಗುರವಾದ ಸರಪಳಿ ಗರಗಸ

ತೋಟವುಳ್ಳ ಮನೆಗೆ ವರ್ಷದಲ್ಲಿ ಒಂದೆರಡು ಬಾರಿಯಾದರೂ ಮರಗೆಲಸ ಒದಗದೆ ಇರುವುದಿಲ್ಲ. ಹುಲಿಯೂರುದುರ್ಗದ ಬೆಟ್ಟದ ಬುಡದಿಂದ ಕುಣಿಗಲಿನ ಕಡೆಗೆ ಹೊರಟರೆ ದಾರಿಯುದ್ದಕ್ಕೂ ತೆಂಗಿನ ತೋಟಗಳೂ, ಹೊಲದ ಬದುಗಳಲ್ಲಿ ಹುಣಿಸೆ, ಹೊಂಗೆ, ಮಾವು, ಬೇವುಗಳೂ ಕಾಣಬರುವುವು. ಸುಳಿ ಸತ್ತ ತೆಂಗು, ಮಳೆಗಾಳಿಗೆ ಸೀಳಿದ ಕೊಂಬೆ, ಮನೆಯ ಮಾಡಿನ ಮೇಲೆ ಬಾಗಿದ ಟೊಂಗೆ ಇವುಗಳನ್ನು ತೆಗೆಯಲು ಹಿಂದೆ ಕೊಡಲಿಯ ಆಳುಗಳು ದೊರೆಯುತ್ತಿದ್ದರು. ಈಗ ಅಂಥವರು ವಿರಳವಾದುದರಿಂದ ಅನೇಕ ಗೃಹಸ್ಥರು ಯಂತ್ರದ ಗರಗಸವನ್ನು ಕೊಳ್ಳಲು ಮನಸ್ಸು ಮಾಡುತ್ತಿದ್ದಾರೆ. ಅಂಥವರಿಗೆ ನಾವು ಹೇಳಬೇಕೆಂದಿರುವುದು ಇಷ್ಟು: ಗರಗಸವು ಹಗುರವಾಗಿರಲಿ, ಹಲ್ಲು ಹರಿತವಾಗಿರಲಿ, ಆದರೆ ತೂಕ ಹಗುರವೆಂದ ಮಾತ್ರಕ್ಕೆ ಅಪಾಯವೂ ಹಗುರವೆಂದು ಎಣಿಸಕೂಡದು.

ಜರ್ಮನಿಯ ಆಂಡ್ರಿಯಾಸ್ ಸ್ಟೀಲ್ ೧೯೨೬ರಲ್ಲಿ ವಿದ್ಯುತ್ತಿನಿಂದ ನಡೆಯುವ ಸರಪಳಿ ಗರಗಸವನ್ನು ತಯಾರಿಸಿದಾಗ ಅದನ್ನು ಹಿಡಿಯಲು ಇಬ್ಬರು ಬೇಕಾಗಿದ್ದಿತು. ಮುಂದೆ ೧೯೪೬ರಲ್ಲಿ ಅಮೆರಿಕದ ಜೋಸೆಫ್ ಕಾಕ್ಸ್ ಎಂಬಾತನು, ಮರವನ್ನು ಕೊರೆಯುತ್ತಿದ್ದ ದುಂಬಿಯ ಮರಿಹುಳು ತನ್ನ ದವಡೆಗಳನ್ನು ಎಡಕ್ಕೂ ಬಲಕ್ಕೂ ಆಡಿಸುವ ರೀತಿಯನ್ನು ಗಮನಿಸಿ, ಅದೇ ಮಾದರಿಯಲ್ಲಿ ಸರಪಳಿಯ ಹಲ್ಲನ್ನು ರೂಪಿಸಿದನು. ಇಂದಿನ ಸರಪಳಿಗಳು ಆ ಹಲ್ಲಿನ ಸಂತತಿಯೇ. ಕುರುವಾಯಿ ದುಂಬಿಯು ತೆಂಗಿನ ಸುಳಿಯನ್ನು ಕೊರೆಯುವುದನ್ನು ಕಂಡ ನಮ್ಮ ತೋಟಗಾರರಿಗೆ, ಸಣ್ಣ ಪ್ರಾಣಿಯ ಹಲ್ಲಿನಲ್ಲಿ ಎಷ್ಟು ಸತ್ತ್ವವಿದೆಯೆಂದು ಹೇಳಬೇಕಾಗಿಲ್ಲ. ಕೊಯ್ಯುವುದು ಹಲ್ಲು, ಎಂಜಿನ್ನು ಅದನ್ನು ಓಡಿಸುವುದು ಮಾತ್ರ.

ಆದುದರಿಂದ ಅಂಗಡಿಯಲ್ಲಿ ದೊಡ್ಡ ಎಂಜಿನ್ನಿಗೆ ಮರುಳಾಗಬೇಡಿರಿ. ಮನೆಯ ಬಳಕೆಗೆ ೩೦ರಿಂದ ೪೦ ಸಿ.ಸಿ. ಎಂಜಿನ್ನೂ, ೧೪ ಇಲ್ಲವೆ ೧೬ ಅಂಗುಲದ ಬಾರೂ ಸಾಕು. ಸರಪಳಿಯು ಸುತ್ತಿ ಓಡುವ ಚಪ್ಪಟೆಯಾದ ಲೋಹದ ಪಟ್ಟಿಗೆ ಬಾರ್ ಎಂದು ಹೆಸರು. ಇಂಥ ಯಂತ್ರಗಳು ಸಾಮಾನ್ಯವಾಗಿ ೪ರಿಂದ ೫ ಕಿಲೋಗ್ರಾಂ ತೂಗುವುವು. ಪೆಟ್ರೋಲು, ಎಣ್ಣೆ, ಬಾರುಗಳ ಭಾರ ಇದಕ್ಕೆ ಸೇರತಕ್ಕದ್ದು. ಅಂಗಡಿಯಲ್ಲಿಯೇ ಎರಡೂ ಕೈಗಳಿಂದ ಸೊಂಟದ ಮಟ್ಟದಲ್ಲಿ ಐದು ನಿಮಿಷ ಹಿಡಿದು ನೋಡಿರಿ; ಆಗಲೇ ತೋಳು ನಡುಗಿದರೆ ಅದು ನಿಮಗೆ ಹೇಳಿಸಿದ್ದಲ್ಲ. ಮನೆಯ ಹತ್ತಿರ ಸಣ್ಣ ಟೊಂಗೆಗಳನ್ನು ಸವರುವುದಷ್ಟೇ ಕೆಲಸವಾದರೆ ಬ್ಯಾಟರಿಯ ಗರಗಸವೂ ಆದೀತು. ಅದಕ್ಕೆ ಹೊಗೆಯಿಲ್ಲ, ಸದ್ದು ಕಡಿಮೆ. ಆದರೆ ಹಿಡಿಯು ನೆತ್ತಿಯ ಮೇಲಿರುವ ಪುಟ್ಟ ಗರಗಸವನ್ನು ಹಗುರವೆಂದು ಆಸೆಪಟ್ಟು ತರಬಾರದು. ಅದು ಹಗ್ಗ ಕಟ್ಟಿಕೊಂಡು ಮರವೇರಿ ಕೆಲಸಮಾಡಲು ಶಿಕ್ಷಣ ಪಡೆದವರಿಗಾಗಿಯೇ ಮಾಡಿದ ಉಪಕರಣ. ಸರಪಳಿಯ ಬ್ರೇಕು ಇದೆಯೆ, ಬಿಡಿಭಾಗಗಳು ಕುಣಿಗಲಿನಲ್ಲೋ ತುಮಕೂರಿನಲ್ಲೋ ದೊರೆಯುವುವೆ ಎಂಬುದನ್ನು ವಿಚಾರಿಸಿಯೇ ಹಣ ಕೊಡತಕ್ಕದ್ದು.

ಇನ್ನು ಜೋಡಿಸುವ ಕ್ರಮ. ಕೈಗವಸು ಹಾಕಿಕೊಂಡು ಸರಪಳಿಯನ್ನು ಬಾರಿನ ಗಾಡಿಯಲ್ಲಿ ಕೂಡಿಸಬೇಕು. ಬಾರಿನ ಮೇಲಂಚಿನ ಹಲ್ಲುಗಳ ಹರಿತವು ತುದಿಯ ಕಡೆಗೆ ಮುಖಮಾಡಿರಬೇಕು. ತಿರುಗುಮುರುಗಾದರೆ ಮರ ಕೊಯ್ಯದೆ ಬರಿಯ ಹೊಗೆ ಬರುವುದು. ಬಾರಿನ ತುದಿಯನ್ನು ಮೇಲಕ್ಕೆತ್ತಿ ಹಿಡಿದು ಬಿಗಿಯ ತಿರುಪನ್ನು ತಿರುಗಿಸಿ, ಬಳಿಕ ಬೋಲ್ಟುಗಳ ನಟ್ಟನ್ನು ಭದ್ರಪಡಿಸಿರಿ. ಸರಪಳಿಯು ಬಾರಿನ ಕೆಳಗೆ ಜೋತುಬೀಳದೆ ತಗುಲಿಕೊಂಡಿರಬೇಕು. ಆದರೂ ಕೈಯಿಂದ ಎಳೆದರೆ ಸರಾಗವಾಗಿ ಸರಿಯಬೇಕು. ಹೊಸ ಸರಪಳಿ ಬೇಗನೆ ಸಡಿಲವಾಗುವುದರಿಂದ ಕೆಲಸದ ನಡುವೆ ನಿಲ್ಲಿಸಿ ನೋಡುತ್ತಿರಬೇಕು.

ಪೆಟ್ರೋಲಿಗೆ ಟೂ ಸ್ಟ್ರೋಕ್ ಎಣ್ಣೆಯನ್ನು ಕೈಪಿಡಿಯಲ್ಲಿ ಹೇಳಿರುವಷ್ಟೇ ಬೆರೆಸಿರಿ. ಐವತ್ತಕ್ಕೆ ಒಂದೆಂದಿದ್ದರೆ ಲೀಟರಿಗೆ ೨೦ ಮಿಲಿಲೀಟರು. ಈಗಿನ ಪೆಟ್ರೋಲಿನಲ್ಲಿ ಎಥನಾಲು ಸೇರಿರುವುದರಿಂದ ಮಿಶ್ರಣವನ್ನು ತಿಂಗಳುಗಟ್ಟಲೆ ಇಡುವುದು ತರವಲ್ಲ. ಸರಪಳಿಗೆ ಬೇರೆ ಎಣ್ಣೆಯುಂಟು. ವಾಹನದಿಂದ ಬಸಿದ ಹಳೆಯ ಎಣ್ಣೆಯಲ್ಲಿ ಲೋಹದ ಪುಡಿಯಿರುವುದರಿಂದ ಅದು ಬಾರನ್ನೂ ಎಣ್ಣೆಯ ಪಂಪನ್ನೂ ಸವೆಸುತ್ತದೆ.

ಬ್ರೇಕನ್ನು ಹಾಕಿ, ಗರಗಸವನ್ನು ನೆಲದ ಮೇಲಿಟ್ಟು, ಹಿಂದಿನ ಹಿಡಿಯೊಳಗೆ ಬಲಗಾಲಿನ ತುದಿಯನ್ನೂರಿ, ಎಡಗೈಯಿಂದ ಮುಂದಿನ ಹಿಡಿಯನ್ನು ಒತ್ತಿ, ಆಮೇಲೆ ಹಗ್ಗವನ್ನೆಳೆಯಬೇಕು. ಬ್ರೇಕು ಬಿಟ್ಟ ಮೇಲೆಯೂ, ವೇಗದ ಗುಂಡಿಯನ್ನು ಒತ್ತದಿರುವಾಗ ಸರಪಳಿ ನಿಂತೇ ಇರಬೇಕು. ತಾನಾಗಿ ತಿರುಗಿದರೆ ಮಂದಗತಿಯ ತಿರುಪನ್ನು ಸರಿಪಡಿಸದೆ ಕೆಲಸಕ್ಕಿಳಿಯಕೂಡದು.

ಹಲ್ಲು ಹರಿತವೋ ಮೊಂಡೋ ಎಂಬುದನ್ನು ಉದುರುವ ಹೊಟ್ಟೇ ತಿಳಿಸುವುದು. ಚಕ್ಕೆಚಕ್ಕೆಯಾಗಿ ಬಿದ್ದರೆ ಹರಿತ. ಹಿಟ್ಟಿನಂತೆ ಉದುರಿದರೆ ಮೊಂಡು. ತೆಂಗಿನ ಕಾಂಡದ ಗಟ್ಟಿಯಾದ ಹೊರಭಾಗವೂ ಹುಣಿಸೆಯ ಚೇಗೂ ಹಲ್ಲನ್ನು ಬೇಗನೆ ಮೊಂಡಾಗಿಸುವುವು. ಮಣ್ಣು ತಗುಲಿದರಂತೂ ಕ್ಷಣದ ಮಾತು. ಹಗುರ ಗರಗಸಗಳ ಸಣ್ಣ ಸರಪಳಿಗೆ ಬಹುಮಟ್ಟಿಗೆ ೪ ಮಿಲಿಮೀಟರಿನ ದುಂಡರ ಹೊಂದುವುದು. ಹಲ್ಲಿನ ಮೇಲಿನ ಗುರುತಿನಂತೆ, ಸಾಮಾನ್ಯವಾಗಿ ೩೦ ಡಿಗ್ರಿ ಓರೆಯಲ್ಲಿ, ಒಳಗಿನಿಂದ ಹೊರಕ್ಕೆ ಎಲ್ಲ ಹಲ್ಲಿಗೂ ಒಂದೇ ಎಣಿಕೆಯಲ್ಲಿ ಉಜ್ಜಬೇಕು. ಮೊಂಡು ಹಲ್ಲು ಬಲವಂತವನ್ನು ಬೇಡುವುದು. ಬಲವಂತದಿಂದ ತೋಳು ದಣಿಯುವುದು. ದಣಿದ ತೋಳಿನಿಂದಲೇ ಅನಾಹುತ.

ಅನಾಹುತಗಳಲ್ಲಿ ಘೋರವಾದುದು ಗರಗಸದ ಒದೆತ. ಓಡುತ್ತಿರುವ ಬಾರಿನ ತುದಿಯ ಮೇಲರ್ಧವು ಟೊಂಗೆಗೋ ಬೊಡ್ಡೆಗೋ ತಾಗಿದರೆ, ಕಣ್ಣು ಮುಚ್ಚಿ ತೆರೆಯುವುದರೊಳಗೆ ಗರಗಸವು ಹಿಡಿದವನ ಮುಖದತ್ತ ಹಾರುವುದು. ಹಗುರ ಯಂತ್ರದಲ್ಲಿ ಇದನ್ನು ತಡೆಯತಕ್ಕ ಭಾರವೂ ಕಡಿಮೆ. ಆದುದರಿಂದ ಎಡಗೈಯ ಹೆಬ್ಬೆರಳು ಹಿಡಿಯನ್ನು ಬಳಸಿಯೇ ಇರಲಿ; ಹೆಗಲಿಗಿಂತ ಮೇಲೆ ಗರಗಸವನ್ನೆತ್ತುವುದಾಗಲಿ, ಏಣಿಯ ಮೇಲೆ ನಿಂತು ಕೊಯ್ಯುವುದಾಗಲಿ ಸರ್ವಥಾ ಸಲ್ಲದು. ಶಿರಸ್ತ್ರಾಣ, ಕಣ್ಣಿಗೂ ಕಿವಿಗೂ ರಕ್ಷೆ, ಸರಪಳಿಯನ್ನು ತಡೆಯುವ ಕಾಲ್ಗವಸು, ಗಟ್ಟಿಯಾದ ಬೂಟು ಇವುಗಳ ಬೆಲೆಯನ್ನು ಗರಗಸದ ಬೆಲೆಯೊಡನೆಯೇ ಕೂಡಿಸಿಕೊಳ್ಳಿರಿ.

ಮರಕ್ಕೂ ಜೀವವುಂಟು. ದಪ್ಪ ಟೊಂಗೆಯನ್ನು ಮೇಲಿನಿಂದ ಒಂದೇ ಸಲಕ್ಕೆ ಕೊಯ್ದರೆ ಅದು ತನ್ನ ಭಾರಕ್ಕೆ ಕಾಂಡದ ತೊಗಟೆಯನ್ನು ಸುಲಿದುಕೊಂಡು ಬೀಳುವುದು. ಕಾಂಡದಿಂದ ಒಂದಡಿ ದೂರದಲ್ಲಿ ಮೊದಲು ಕೆಳಗಿನಿಂದ ಕಾಲುಭಾಗ ಕೊಯ್ದು, ಸ್ವಲ್ಪ ಆಚೆಗೆ ಮೇಲಿನಿಂದ ಕೊಯ್ದು ಉರುಳಿಸಿ, ಉಳಿದ ಮೋಟನ್ನು ಬುಡದ ಉಬ್ಬಿನ ಹೊರಗೆ ತೆಗೆಯಬೇಕು. ಆ ಉಬ್ಬು ಉಳಿದರೆ ಗಾಯ ತಾನಾಗಿ ಮುಚ್ಚಿಕೊಳ್ಳುವುದು. ವಿದ್ಯುತ್ ತಂತಿಗೆ ಸಮೀಪವಾದ ಟೊಂಗೆಯಾದರೆ ಮುಟ್ಟದೆ ಬೆಸ್ಕಾಂನವರಿಗೆ ತಿಳಿಸಿರಿ. ೧೯೭೬ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯಿದೆಯು ತೆಂಗು, ನೀಲಗಿರಿ, ಸರ್ವೆ, ಸಿಲ್ವರ್ ಓಕ್ ಮುಂತಾದುವಕ್ಕೆ ವಿನಾಯಿತಿ ಕೊಟ್ಟಿದೆ. ಬೇರೆ ಮರವನ್ನು ಬುಡಸಮೇತ ಕಡಿಯುವ ಮುನ್ನ ಅರಣ್ಯ ಇಲಾಖೆಯಲ್ಲಿ ವಿಚಾರಿಸುವುದು ಲೇಸು.

ಕಡೆಯದಾಗಿ ಮನೆಯ ಗೃಹಿಣಿಯರಿಗೊಂದು ಬಿನ್ನಹ. ಗರಗಸ ಹಿಡಿದು ಒಬ್ಬಂಟಿಯಾಗಿ ತೋಟಕ್ಕೆ ಹೊರಟವರನ್ನು ಬಾಗಿಲಲ್ಲೇ ತಡೆಯಿರಿ. ಕೂಗಿದರೆ ಕೇಳಿಸುವಷ್ಟು ದೂರದಲ್ಲಿ ಇನ್ನೊಬ್ಬರಿರಲಿ, ಮಕ್ಕಳು ಸುತ್ತ ಸುಳಿಯದಿರಲಿ. ತೋಳು ಸೋತೊಡನೆ ಯಂತ್ರವನ್ನು ಕೆಳಗಿಡಲಿ. ಉಳಿದ ಟೊಂಗೆಯನ್ನು ನಾಳೆ ಕೊಯ್ಯಬಹುದು.