ಬ್ಯಾಟರಿ ದೀಪ ಮತ್ತು ವಿಭವಾಂತರ: ಅಭ್ಯಾಸ ಬೋಧನೆಯ ಒಂದು ಅನುಭವ

ಹತ್ತನೇ ತರಗತಿಗೆ ವಿಭವಾಂತರದ ಪಾಠ ಮಾಡುವಾಗ, ಮಕ್ಕಳಿಗೆ ಪರಿಚಿತವಾದ ಉದಾಹರಣೆ ಇರಲೆಂದು ಕಾರಿನ ಡ್ಯಾಶ್‌ಬೋರ್ಡಿನಲ್ಲಿರುವ ಕೆಂಪು ಬ್ಯಾಟರಿ ದೀಪವನ್ನು ಆರಿಸಿಕೊಂಡೆ. "ಕಾರು ಓಡುವಾಗ ಇದು ಉರಿದರೆ ಬ್ಯಾಟರಿ ಕೆಟ್ಟಿದೆ ಎಂದರ್ಥ" ಎಂದೆ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, "ಸರ್, ನಮ್ಮ ಕಾರಿಗೆ ಹೊಸ ಬ್ಯಾಟರಿ ಹಾಕಿಸಿದ್ರೂ ಆ ಲೈಟು ಆರ್ಲಿಲ್ಲ" ಎಂದ. ಅವನ ತಂದೆ ಬಾಡಿಗೆ ಕಾರು ಓಡಿಸುತ್ತಾರೆ. "ಆಮೇಲೆ ನೋಡೋಣ" ಎಂದು ಮುಂದೆ ಹೋದೆ. ಪಾಠಯೋಜನೆಯಲ್ಲಿ ಆ ಪ್ರಶ್ನೆಗೆ ಜಾಗವಿರಲಿಲ್ಲ. ನಿಜ ಹೇಳಬೇಕೆಂದರೆ ನನ್ನಲ್ಲಿ ಉತ್ತರವೂ ಇರಲಿಲ್ಲ. ಹುಡುಗ ಮತ್ತೆ ಕೈ ಎತ್ತಲಿಲ್ಲ.

ಮರುದಿನ ಸಂಜೆ ಅವನ ತಂದೆ ಶಾಲೆಯ ಬಳಿ ಬಂದಾಗ, ಪ್ರಯೋಗಾಲಯದ ಮಲ್ಟಿಮೀಟರನ್ನು 20 ವೋಲ್ಟ್ ಡಿಸಿಗೆ ತಿರುಗಿಸಿ ಬ್ಯಾಟರಿಯ ಎರಡು ತುದಿಗಳಿಗೆ ಹಿಡಿದೆವು. ಎಂಜಿನ್ ನಿಂತಿದ್ದಾಗ 12.3 ವೋಲ್ಟ್, ಚಾಲೂ ಮಾಡಿದ ಮೇಲೆ 11.9. ಚಾರ್ಜ್ ಆಗುತ್ತಿದ್ದರೆ ಅದು ಸುಮಾರು 13.5ರಿಂದ 14.5ರವರೆಗೆ ಏರಬೇಕಿತ್ತು. ಅಂದರೆ ದೋಷ ಬ್ಯಾಟರಿಯದಲ್ಲ, ಅದನ್ನು ತುಂಬಿಸುವ ವ್ಯವಸ್ಥೆಯದು. ಗ್ಯಾರೇಜಿನಲ್ಲಿ ನೋಡಿದಾಗ ಆಲ್ಟರ್ನೇಟರ್ ತಿರುಗಿಸುವ ಬೆಲ್ಟ್ ಸವೆದು ಜಾರುತ್ತಿತ್ತು. ಹೊಸ ಬ್ಯಾಟರಿಯ ಹಣ ಮಾತ್ರ ಸುಮ್ಮನೆ ಹೋಗಿತ್ತು.

ಹಳೆಯ ಮಾದರಿಯ ಕಾರುಗಳಲ್ಲಿ ಈ ದೀಪದ ಒಂದು ತುದಿ ಕೀಲಿ ಸ್ವಿಚ್ಚಿನ ಮೂಲಕ ಬ್ಯಾಟರಿಗೆ, ಇನ್ನೊಂದು ಆಲ್ಟರ್ನೇಟರಿಗೆ ಸೇರಿರುತ್ತದೆ. ಆಲ್ಟರ್ನೇಟರ್ ನಿಂತಿದ್ದಾಗ ಅದರೊಳಗಿನ ಸುರುಳಿಯ ಮೂಲಕ ಪ್ರವಾಹ ಭೂಮಿಗೆ ಹರಿದು ದೀಪ ಉರಿಯುತ್ತದೆ. ಆಲ್ಟರ್ನೇಟರ್ ಕೆಲಸ ಮಾಡತೊಡಗಿದರೆ ಎರಡೂ ತುದಿಗಳ ವಿಭವ ಬಹುತೇಕ ಸಮನಾಗುತ್ತದೆ. ವ್ಯತ್ಯಾಸವಿಲ್ಲ, ಹಾಗಾಗಿ ದೀಪ ಆರುತ್ತದೆ. (ಹೊಸ ಕಾರುಗಳಲ್ಲಿ ಕಂಪ್ಯೂಟರೇ ದೀಪ ಹೊತ್ತಿಸುತ್ತದೆ.) ನಾನು ಬಯಸಿದ್ದ ಉದಾಹರಣೆ ಇದೇ, ಆದರೆ ಅದನ್ನೇ ತಪ್ಪಾಗಿ ಹೇಳಿದ್ದೆ.

ಮುಂದಿನ ಅವಧಿಯಲ್ಲಿ ಮೊದಲು ನನ್ನ ತಪ್ಪನ್ನು ಕಪ್ಪು ಹಲಗೆಯ ಮೇಲೆ ಬರೆದು ಅಳಿಸಿದೆ. ಎರಡು ಶುಷ್ಕಕೋಶಗಳ ಋಣ ತುದಿಗಳನ್ನು ಒಂದಕ್ಕೊಂದು ಜೋಡಿಸಿ, ಧನ ತುದಿಗಳ ನಡುವೆ ಟಾರ್ಚ್ ಬಲ್ಬು ಇಟ್ಟೆವು. ಉರಿಯಲಿಲ್ಲ. ಒಂದು ಕೋಶ ತೆಗೆದು ಅದರ ಜಾಗಕ್ಕೆ ತಂತಿ ಹಾಕಿದೆವು. ಉರಿಯಿತು. ಆ ಹುಡುಗನೇ ಎದ್ದು, "ತಂತಿ ಅಂದ್ರೆ ನಿಂತಿರೋ ಆಲ್ಟರ್ನೇಟರ್" ಎಂದ. ಆಮೇಲೆ ಕೇಳಿದ: "ಆಯಿಲ್ ಲೈಟು ಕೂಡ ಹೀಗೇನಾ ಸರ್?" ಅಲ್ಲ, ಹಳೆಯ ಕಾರುಗಳಲ್ಲಿ ಅದು ಬರೀ ಒತ್ತಡದ ಸ್ವಿಚ್ಚು, ಎಣ್ಣೆಯ ಒತ್ತಡ ಕುಸಿದರೆ ಸರ್ಕಿಟ್ ಮುಚ್ಚುತ್ತದೆ ಎಂದೆ. ಈ ಸಲ ಉತ್ತರ ಓದಿಕೊಂಡು ಬಂದಿದ್ದೆ.