ಪೆಡಲ್ ತುಳಿದಷ್ಟೂ ಮೈಸೂರು

ಕೋಟೆ, ಮಾರುಕಟ್ಟೆ, ಗಲ್ಲಿ, ಗ್ರಂಥಾಲಯ, ಕೆರೆ: ಒಡೆಯರ ರಾಜಧಾನಿಯ ನೂರಾರು ವರ್ಷಗಳನ್ನು ಒಂದು ಬೆಳಗಿನಲ್ಲಿ ಹಾದುಬರುವ ಸೈಕಲ್ ಸವಾರಿ

ಮೈಸೂರು ನೋಡಲು ಬರುವವರ ದಿನಚರಿ ಬಹುತೇಕ ಒಂದೇ. ಬೆಳಿಗ್ಗೆ ಚಾಮುಂಡಿಬೆಟ್ಟ, ಆಮೇಲೆ ಅರಮನೆ, ಮಧ್ಯಾಹ್ನ ಮೃಗಾಲಯ, ಸಂಜೆ ಬೃಂದಾವನ. ಬಸ್ಸಿನಿಂದ ಇಳಿದು ಫೋಟೊ ತೆಗೆಸಿಕೊಂಡು ಮತ್ತೆ ಬಸ್ಸು ಹತ್ತಿದರೆ ಊರು ಮುಗಿಯಿತು. ಆದರೆ ರಾಜಧಾನಿ ಇರುವುದು ಈ ನಾಲ್ಕು ಜಾಗಗಳಲ್ಲಿ ಮಾತ್ರವಲ್ಲ, ಅವುಗಳ ನಡುವಿನ ಬೀದಿಗಳಲ್ಲಿ. ಯಾವ ರಸ್ತೆ ಎಲ್ಲಿ ತಿರುಗುತ್ತದೆ, ಯಾವ ವೃತ್ತದಲ್ಲಿ ನಿಂತರೆ ಏನು ಕಾಣುತ್ತದೆ, ಮನೆಗಳ ಹಿಂದೆ ಓಣಿ ಏಕಿದೆ ಎಂಬುದನ್ನೆಲ್ಲ ಇಲ್ಲಿ ಯಾರೋ ಕೂತು ಯೋಚಿಸಿದ್ದಾರೆ.

ಅದನ್ನು ಕಾಣಲು ಸೈಕಲ್ಲಿಗಿಂತ ಒಳ್ಳೆಯ ವಾಹನವಿಲ್ಲ. ನಡೆದೇ ನೋಡುತ್ತೇವೆಂದರೆ ಬಿಸಿಲೇರುವ ಹೊತ್ತಿಗೆ ಅರ್ಧ ಊರೂ ಮುಗಿಯುವುದಿಲ್ಲ. ಕಾರಿನಲ್ಲಿ ಹೊರಟರೆ ಕಣ್ಣು ಟ್ರಾಫಿಕ್ಕಿನ ಮೇಲೆಯೇ ಇರುತ್ತದೆ. ಸೈಕಲ್ಲಿನಲ್ಲಾದರೆ ಬೇಕೆಂದಲ್ಲಿ ಕಾಲು ಊರಿ ನಿಲ್ಲಬಹುದು. ರಾಯಲ್ ಮೈಸೂರು ವಾಕ್ಸ್‌ನಂಥ ಸಂಸ್ಥೆಗಳು ಮಾರ್ಗದರ್ಶಕರೊಂದಿಗೆ ಇಂಥ ಸವಾರಿಗಳನ್ನು ನಡೆಸುತ್ತಾ ಬಂದಿವೆ. ಹೊರಡುವುದು ಬೆಳಕು ಹರಿಯುವ ಹೊತ್ತಿಗೆ, ಆಟೊಗಳ ಗದ್ದಲ ಶುರುವಾಗುವ ಮೊದಲು.

ಊರು ಬದಲಿಸಿದ ಕಲ್ಲುಗಳು

ಸವಾರಿಯನ್ನು ನಜರಾಬಾದಿನಿಂದ ಆರಂಭಿಸುವುದು ಒಳ್ಳೆಯದು. ಏಕೆಂದರೆ ಮೈಸೂರು ಮತ್ತೆ ರಾಜಧಾನಿಯಾದ ಕಥೆ ಇಲ್ಲಿಂದಲೇ ತೊಡಗುತ್ತದೆ.

1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣವನ್ನು ಗೆದ್ದು ಅಲ್ಲಿಗೆ ರಾಜಧಾನಿಯನ್ನು ಒಯ್ದರು. ದಸರೆಯೂ ಅಲ್ಲೇ ನಡೆಯಿತು. ಮೈಸೂರು ಹಳೆಯ ಊರಾಗಿ ಹಿಂದೆ ಉಳಿಯಿತು. ಟಿಪ್ಪು ಸುಲ್ತಾನ ಮೈಸೂರಿನ ಹಳೆಯ ಕೋಟೆಯನ್ನು ಕೆಡವಿಸಿ, ಅದರ ಕಲ್ಲುಗಳನ್ನು ಪೂರ್ವದ ದಿಬ್ಬಕ್ಕೆ ಸಾಗಿಸಿ ನಜರಾಬಾದ್ ಎಂಬ ಹೊಸ ಕೋಟೆ ಕಟ್ಟಿಸತೊಡಗಿದ. ಅದು ಪೂರ್ತಿಯಾಗುವ ಮೊದಲೇ 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಿತು. ಅದೇ ವರ್ಷ ಜೂನ್ 30ರಂದು ಇನ್ನೂ ಐದು ವರ್ಷ ತುಂಬದ ಬಾಲಕ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಮೈಸೂರಿನಲ್ಲಿ ಪಟ್ಟಾಭಿಷೇಕವಾಯಿತು. ಕೋಟೆಯನ್ನು ಮತ್ತೆ ಎಬ್ಬಿಸಬೇಕಾದಾಗ ನಜರಾಬಾದಿಗೆ ಹೋಗಿದ್ದ ಕಲ್ಲುಗಳೇ ತಿರುಗಿ ಬಂದವು. ಎರಡು ಬಾರಿ ಊರು ಬದಲಿಸಿದ ಆ ಕಲ್ಲುಗಳ ದಾರಿಯಲ್ಲೇ ಈಗ ನಮ್ಮ ಚಕ್ರಗಳು ಉರುಳುತ್ತವೆ. ದಿಬ್ಬ ಇಳಿಜಾರಾದ್ದರಿಂದ ಪೆಡಲ್ ತುಳಿಯುವ ಕೆಲಸವೂ ಹೆಚ್ಚಿಲ್ಲ.

ಇಳಿಯುವ ದಾರಿಯಲ್ಲಿ ಸಿಗುವ ಗವರ್ನಮೆಂಟ್ ಹೌಸ್ 1805ರಲ್ಲಿ ಬ್ರಿಟಿಷ್ ರೆಸಿಡೆಂಟರಿಗಾಗಿ ಕಟ್ಟಿದ್ದು. ರಾಜನ ಅರಮನೆ ಕೋಟೆಯೊಳಗೆ, ರಾಜನ ಮೇಲೆ ಕಣ್ಣಿಟ್ಟವರ ಮನೆ ಕೂಗಳತೆಯ ದೂರದಲ್ಲಿ. ಎರಡರ ನಡುವಿನ ಹಾದಿ ಕ್ರಮಿಸಲು ಸೈಕಲ್ಲಿಗೆ ಕೆಲವೇ ನಿಮಿಷ ಸಾಕು. ಆ ಕಾಲದ ರಾಜಕೀಯವನ್ನು ಪುಸ್ತಕ ಹೇಳುವುದಕ್ಕಿಂತ ಚೆನ್ನಾಗಿ ಆ ಅಂತರವೇ ಹೇಳುತ್ತದೆ. 1831ರಲ್ಲಿ ಬ್ರಿಟಿಷರು ಆಡಳಿತವನ್ನೇ ಕೈಗೆ ತೆಗೆದುಕೊಂಡರು, ಕಚೇರಿಗಳು ಬೆಂಗಳೂರಿಗೆ ಹೋದವು. 1881ರಲ್ಲಿ ರಾಜ್ಯ ಒಡೆಯರಿಗೆ ಮರಳಿ ಬಂದ ಮೇಲೂ ಕಚೇರಿಗಳು ಅಲ್ಲೇ ಉಳಿದವು. ಸಿಂಹಾಸನ, ದಸರೆ, ವಿದ್ಯೆ, ಸಂಗೀತ ಮೈಸೂರಿನ ಪಾಲಾದವು.

ಬೆಂಕಿಯಿಂದ ಎದ್ದ ಅರಮನೆ

ಅರಮನೆಯ ಉತ್ತರ ದ್ವಾರದ ಎದುರು, ಕೋಟೆ ಆಂಜನೇಯನ ಗುಡಿಯ ಬಳಿ ಮಾರ್ಗದರ್ಶಕ ಬ್ರೇಕ್ ಹಾಕಿ ಎಲ್ಲರಿಗೂ ಹಿಂದಕ್ಕೆ ತಿರುಗಿ ನೋಡಲು ಹೇಳುತ್ತಾರೆ. ಒಂದೆಡೆ ಚಾಮರಾಜ ಒಡೆಯರ ಪ್ರತಿಮೆಯ ವೃತ್ತ. ಅದರಾಚೆ 1927ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ಬೆಳ್ಳಿಹಬ್ಬಕ್ಕೆ ಎದ್ದುನಿಂತ ದೊಡ್ಡ ಗಡಿಯಾರ. ಅದರ ಪಕ್ಕದಲ್ಲೇ ದಿವಾನ ರಂಗಾಚಾರ್ಲು ಅವರ ಸ್ಮರಣೆಯ ಪುರಭವನ. 1881ರಲ್ಲಿ ಮೈಸೂರು ಪ್ರಜಾಪ್ರತಿನಿಧಿ ಸಭೆ ಸೇರುವಂತೆ ಮಾಡಿದ ದಿವಾನರು ಅವರು. ಅರಸರ ಬಾಗಿಲ ಎದುರಿನಲ್ಲೇ ಪ್ರಜೆಗಳು ಸೇರುವ ಸಭಾಂಗಣವಿರುವುದು ಈ ಊರಿನ ಗುಣ.

ಅರಮನೆಯೊಳಗೆ ಸೈಕಲ್ಲಿಗೆ ಪ್ರವೇಶವಿಲ್ಲ, ಆ ಹೊತ್ತಿಗೆ ಬಾಗಿಲೂ ತೆರೆದಿರುವುದಿಲ್ಲ. ಆದರೆ ಕೋಟೆಗೋಡೆಯ ಸುತ್ತ ಒಂದು ಸುತ್ತು ಹಾಕಿದರೆ ಅದರ ವಿಸ್ತಾರ ಕಾಲಿನ ಅಳತೆಗೆ ಸಿಗುತ್ತದೆ. ಮುಮ್ಮಡಿಯವರ ಕಾಲದ ಮರದ ಅರಮನೆ ಇದ್ದದ್ದು ಇದೇ ಜಾಗದಲ್ಲಿ. 1897ರಲ್ಲಿ ರಾಜಕುಮಾರಿ ಜಯಲಕ್ಷಮ್ಮಣ್ಣಿಯವರ ಮದುವೆಯ ಸಂಭ್ರಮದ ನಡುವೆ ಅದಕ್ಕೆ ಬೆಂಕಿ ಬಿತ್ತು. ಆಗ ರಾಜ್ಯಭಾರ ನೋಡುತ್ತಿದ್ದವರು ರಾಜಮಾತೆ ವಾಣಿವಿಲಾಸ ಸನ್ನಿಧಾನ ಕೆಂಪನಂಜಮ್ಮಣ್ಣಿ. ಗಂಡನನ್ನು ಕಳೆದುಕೊಂಡು ಇನ್ನೂ ಹೆಚ್ಚು ವರ್ಷವಾಗಿರಲಿಲ್ಲ, ಮಗ ನಾಲ್ವಡಿ ಇನ್ನೂ ಬಾಲಕ. ಆ ತಾಯಿ ಹೊಸ ಅರಮನೆಯ ಕೆಲಸವನ್ನು ಅದೇ ವರ್ಷ ಶುರುಮಾಡಿಸಿದರು. ವಾಸ್ತುಶಿಲ್ಪಿ ಹೆನ್ರಿ ಇರ್ವಿನ್. ಈ ಬಾರಿ ಮರದ ಬದಲು ಕಲ್ಲು, ಇಟ್ಟಿಗೆ, ಕಬ್ಬಿಣಕ್ಕೆ ಪ್ರಾಧಾನ್ಯ. 1912ರಲ್ಲಿ ಮುಗಿಯುವಾಗ ಖರ್ಚು 41 ಲಕ್ಷ ರೂಪಾಯಿ ದಾಟಿತ್ತು.

ಅಲ್ಲಿಯವರೆಗೆ ಅರಸು ಮನೆತನಕ್ಕೆ ಆಸರೆಯಾದದ್ದು ಪಶ್ಚಿಮಕ್ಕಿರುವ ಜಗನ್ಮೋಹನ ಅರಮನೆ. 1861ರ ಈ ಕಟ್ಟಡದಲ್ಲೇ 1902ರಲ್ಲಿ ವೈಸ್‌ರಾಯ್ ಕರ್ಜನ್ ಸಮ್ಮುಖದಲ್ಲಿ ನಾಲ್ವಡಿಯವರಿಗೆ ಅಧಿಕಾರ ಹಸ್ತಾಂತರವಾಯಿತು. ರವಿವರ್ಮನ ಚಿತ್ರಗಳನ್ನು ನೋಡಲು ಇಲ್ಲಿಗೆ ಬರುವವರು, ಮುಖ್ಯ ಅರಮನೆ ಇನ್ನೂ ಕಟ್ಟುವ ಹಂತದಲ್ಲಿದ್ದಾಗ ರಾಜ್ಯದ ಮನೆಯೇ ಇದಾಗಿತ್ತು ಎಂಬುದನ್ನು ನೆನಪಿಟ್ಟುಕೊಳ್ಳಬೇಕು.

ಕಾಲುವೆಯ ಮೇಲಿನ ರಾಜಬೀದಿ

ಕೆ.ಆರ್. ವೃತ್ತದಲ್ಲಿ ನಾಲ್ವಡಿಯವರ ಪ್ರತಿಮೆಯನ್ನು ಬಳಸಿ ಸಯ್ಯಾಜಿರಾವ್ ರಸ್ತೆಗೆ ಬಂದರೆ ದಸರಾ ಜಂಬೂಸವಾರಿಯ ಹಾದಿ. ಆನೆಯ ಮೇಲಿನ ಅಂಬಾರಿಗೆ ಸಾಲುವಷ್ಟು ಅಗಲದ ಈ ರಸ್ತೆಯ ಜಾಗದಲ್ಲಿ ಒಂದು ಕಾಲಕ್ಕೆ ಹರಿಯುತ್ತಿದ್ದದ್ದು ಪೂರ್ಣಯ್ಯನ ನಾಲೆ. ಊರಿಗೆ ಕಾವೇರಿ ನೀರು ತರಬೇಕೆಂದು ದಿವಾನ ಪೂರ್ಣಯ್ಯ ತೋಡಿಸಿದ ಕಾಲುವೆ ಅದು. ನೀರು ಬರಲಿಲ್ಲ. ತೋಡಿದ ಕಾಲುವೆ ಊರಿನ ಕೊಳಚೆ ಹರಿಯುವ ಮೋರಿಯಾಯಿತು. ಮುಂದೆ ಅದನ್ನು ಮುಚ್ಚಿ ಮಾಡಿದ ರಸ್ತೆಗೆ ಬರೋಡದ ಮಹಾರಾಜರ ಹೆಸರಿಟ್ಟರು. ಸೋತ ಯೋಜನೆಯೊಂದರ ಮೇಲೆಯೇ ಊರಿನ ಅತಿ ವೈಭವದ ಬೀದಿ ನಿಂತಿದೆ.

ದೇವರಾಜ ಮಾರುಕಟ್ಟೆಯ ಬಾಗಿಲಲ್ಲಿ ಸೈಕಲ್‌ಗಳಿಗೆ ಸ್ಟ್ಯಾಂಡ್ ಹಾಕಬೇಕು. "ಇಲ್ಲಿಂದ ನಡ್ಕೊಂಡೇ ಹೋಗಣ ಸಾರ್, ಹೂವಿನ ಬುಟ್ಟಿಗೆ ಚಕ್ರ ತಾಗ್ಬಾರ್ದು" ಎನ್ನುತ್ತಾರೆ ಮಾರ್ಗದರ್ಶಕ. ಒಳಗೆ ಬೆಳಗಿನ ವ್ಯಾಪಾರ ಜೋರಾಗಿದೆ. ಹೂವಿನ ಸಾಲಿನಲ್ಲಿ ಮಂಡಿಯೂರಿ ಕೂತವರು ಸೇವಂತಿಗೆಯ ದಿಂಡನ್ನು ಮೊಣಕೈಯಿಂದ ಬೆರಳ ತುದಿಗೆ ಅಳೆದು, ಒಂದು ಗೇಣು ಹೆಚ್ಚಿಗೆ ಬಿಟ್ಟು ಹರಿದು, ಬಾಳೆಲೆಯ ತುಂಡಿನಲ್ಲಿ ಸುತ್ತಿ, ಅದೇ ಬಾಳೆನಾರಿನಿಂದ ಕಟ್ಟಿ ಕೈಗಿಡುತ್ತಾರೆ. ಮುಂದಿನ ಸಾಲಿನಲ್ಲಿ ಅರಿಸಿನ ಕುಂಕುಮದ ಗೋಪುರಗಳು. ಅದರಾಚೆ ನಂಜನಗೂಡು ರಸಬಾಳೆಯ ಗೊನೆ, ಕವಳಿಗೆ ಕವಳಿಗೆಯಾಗಿ ಜೋಡಿಸಿದ ಮೈಸೂರು ವೀಳ್ಯದೆಲೆ. ವೀಳ್ಯದೆಲೆಗೂ ರಸಬಾಳೆಗೂ ಮೈಸೂರು ಮಲ್ಲಿಗೆಗೂ ಭೌಗೋಳಿಕ ಸೂಚಿಕೆಯ ಮಾನ್ಯತೆ ಇದೆ. ಅವು ಪದಾರ್ಥವಾಗಿ ಬದುಕಿರುವುದು ಮಾತ್ರ ಇಂಥ ಕಟ್ಟೆಗಳ ಮೇಲೆ.

ಮಾರುಕಟ್ಟೆಯ ಆಚೆ, 1886ರಲ್ಲಿ ವೈಸ್‌ರಾಯ್ ಡಫರಿನ್ ಬಂದ ನೆನಪಿನ ಚಿಕ್ಕ ಗಡಿಯಾರ. ಎದುರಿಗೆ 1892ರ ಲ್ಯಾನ್ಸ್‌ಡೌನ್ ಕಟ್ಟಡ. ತಲೆಮಾರುಗಳ ವಿದ್ಯಾರ್ಥಿಗಳು ಹಳೆಯ ಪುಸ್ತಕ ಹುಡುಕಿ ಬರುತ್ತಿದ್ದ ಅಂಗಡಿಸಾಲು ಅದು. 2012ರಲ್ಲಿ ಅದರ ಒಂದು ಭಾಗ ಕುಸಿದು ನಾಲ್ವರು ಪ್ರಾಣ ಕಳೆದುಕೊಂಡರು. 2016ರಲ್ಲಿ ದೇವರಾಜ ಮಾರುಕಟ್ಟೆಯ ಉತ್ತರ ಭಾಗವೂ ಕುಸಿಯಿತು. ಉಳಿಸಬೇಕೇ, ಕೆಡವಿ ಹೊಸದು ಕಟ್ಟಬೇಕೇ ಎಂಬ ವಾದ ನ್ಯಾಯಾಲಯದವರೆಗೂ ಹೋಯಿತು. ಗಾರೆ ಉದುರಿದ ಕಮಾನಿನ ಕೆಳಗೆ ನಿಂತು ನೋಡಿದರೆ ಒಂದು ಮಾತು ಸ್ಪಷ್ಟ: ಈ ಕಟ್ಟಡಗಳನ್ನು ಬೀಳಿಸಿದ್ದು ವಯಸ್ಸಲ್ಲ, ವರ್ಷಗಟ್ಟಲೆ ಯಾರೂ ತಲೆಯೆತ್ತಿ ನೋಡದ ಸೂರು. ಮಳೆನೀರು ಇಳಿಯುವ ಬಿರುಕನ್ನು ಮುಚ್ಚಿ, ಗೋಡೆಯಲ್ಲಿ ಬೇರೂರಿದ ಅರಳಿಯ ಸಸಿಯನ್ನು ಸಮಯಕ್ಕೆ ಕಿತ್ತಿದ್ದರೆ ಇಷ್ಟು ದೂರ ಬರುತ್ತಿರಲಿಲ್ಲ.

ಪ್ಲೇಗು ಕಲಿಸಿದ ಪಾಠ

ಅಲ್ಲಿಂದ ಲಕ್ಷ್ಮೀಪುರ, ಚಾಮರಾಜಪುರ, ಕೃಷ್ಣಮೂರ್ತಿಪುರಗಳ ಕಡೆ ತಿರುಗಿದರೆ ಊರಿನ ಸ್ವಭಾವವೇ ಬದಲಾಗುತ್ತದೆ. ನೇರ ರಸ್ತೆಗಳು, ಹೆಂಚಿನ ಮನೆಗಳು, ಮುಂದೆ ಜಗುಲಿ, ಕಾಂಪೌಂಡಿನಲ್ಲಿ ಪಾರಿಜಾತ.

ಹತ್ತೊಂಬತ್ತನೆಯ ಶತಮಾನದ ಕೊನೆಗೆ ಪ್ಲೇಗು ಮೈಸೂರಿಗೆ ಕಾಲಿಟ್ಟಿತು. ಕೋಟೆಯ ಒಳಗೂ ಸುತ್ತಲೂ ಒತ್ತೊತ್ತಾಗಿದ್ದ ಕೇರಿಗಳಲ್ಲಿ ಗಾಳಿ ಬೆಳಕಿಗೂ ದಾರಿಯಿರಲಿಲ್ಲ. ಬೊಂಬಾಯಿಯಲ್ಲಿ 1898ರಲ್ಲಿ ನಗರ ಸುಧಾರಣಾ ಟ್ರಸ್ಟ್ ಹುಟ್ಟಿದ ಐದೇ ವರ್ಷಕ್ಕೆ, 1903ರಲ್ಲಿ, ಮೈಸೂರು ತನ್ನದೇ ನಗರಾಭಿವೃದ್ಧಿ ಮಂಡಲಿ ಮಾಡಿಕೊಂಡಿತು. ಜನರನ್ನು ಕೋಟೆಯಿಂದ ಹೊರತಂದು, ಅಗಲ ರಸ್ತೆ, ಚರಂಡಿ, ಉದ್ಯಾನಗಳಿರುವ ಬಡಾವಣೆಗಳಿಗೆ ಜಾಗ ಮಾಡಲಾಯಿತು.

ಆ ಯೋಜನೆಯ ಅತಿ ಮುಖ್ಯ ಗುರುತು ಕಾರಿನಲ್ಲಿ ಹೋಗುವವರಿಗೆ ಕಾಣುವುದೇ ಇಲ್ಲ. ಅದು ಎರಡು ಸಾಲು ಮನೆಗಳ ಬೆನ್ನಿನ ನಡುವೆ ಹಾದುಹೋಗುವ ಕನ್ಸರ್ವೆನ್ಸಿ ಗಲ್ಲಿ. ಒಳಚರಂಡಿ ಬರುವ ಮೊದಲು ಶೌಚಾಲಯ ಶುಚಿ ಮಾಡುವವರು ಓಡಾಡಲು ಬಿಟ್ಟ ಓಣಿ ಅದು. ಊರಿನ ಆರೋಗ್ಯವನ್ನು ಹೊತ್ತವರಿಗೆ ಮುಂಬಾಗಿಲಿನ ಬೀದಿ ನಿಷಿದ್ಧವಾಗಿತ್ತು ಎಂಬ ಕಹಿ ಸತ್ಯವೂ ಅದರಲ್ಲಿದೆ. ಮಾರ್ಗದರ್ಶಕರು ನಮ್ಮನ್ನು ಒಬ್ಬೊಬ್ಬರಾಗಿ ಆ ಗಲ್ಲಿಯೊಳಗೆ ಕರೆದೊಯ್ಯುತ್ತಾರೆ. ಹ್ಯಾಂಡಲ್ಲಿನ ಎರಡೂ ಬದಿಗೆ ಹಿತ್ತಿಲ ಗೋಡೆ, ಒಗೆಯುವ ಕಲ್ಲು, ನುಗ್ಗೆ ಮರ. ರಾಜಧಾನಿಯ ಚರಿತ್ರೆ ಬರೆಯುವಾಗ ಗುಮ್ಮಟಗಳ ಜೊತೆಗೆ ಈ ಗಲ್ಲಿಗಳಿಗೂ ಒಂದು ಅಧ್ಯಾಯ ಸಲ್ಲಬೇಕು.

ತಾಳೆಗರಿಯಿಂದ ಕೆರೆ ಏರಿಗೆ

ಕೌಟಿಲ್ಯ ವೃತ್ತದ ಬಳಿಯ ಪ್ರಾಚ್ಯವಿದ್ಯಾ ಸಂಶೋಧನಾಲಯ ವಿಕ್ಟೋರಿಯಾ ರಾಣಿಯ ಆಳ್ವಿಕೆಯ ಸುವರ್ಣೋತ್ಸವದ ನೆನಪಿನ ಕಟ್ಟಡದಲ್ಲಿದೆ. 1891ರಲ್ಲಿ ಸ್ಥಾಪನೆಯಾದ ಈ ಗ್ರಂಥಭಂಡಾರಕ್ಕೆ ತಂಜಾವೂರಿನ ಪಂಡಿತರೊಬ್ಬರು ತಂದುಕೊಟ್ಟ ತಾಳೆಗರಿ ಕಟ್ಟೊಂದನ್ನು 1905ರ ಹೊತ್ತಿಗೆ ಗ್ರಂಥಪಾಲಕ ಆರ್. ಶಾಮಾಶಾಸ್ತ್ರಿ ಗುರುತಿಸಿದರು. ಹೆಸರಷ್ಟೇ ಉಳಿದು ಗ್ರಂಥ ಕಳೆದುಹೋಗಿದೆ ಎಂದು ವಿದ್ವಾಂಸರು ನಂಬಿದ್ದ ಕೌಟಿಲ್ಯನ ಅರ್ಥಶಾಸ್ತ್ರ ಅದಾಗಿತ್ತು. 1909ರಲ್ಲಿ ಅವರು ಅದನ್ನು ಅಚ್ಚು ಹಾಕಿಸಿದ ಮೇಲೆ ಪ್ರಾಚೀನ ಭಾರತದ ರಾಜ್ಯಶಾಸ್ತ್ರದ ಬಗ್ಗೆ ಜಗತ್ತು ಬರೆಯುವ ರೀತಿಯೇ ಬದಲಾಯಿತು. ಕೋಟೆ ಹೇಗಿರಬೇಕು, ಊರಿನ ಬೀದಿ ಎಷ್ಟು ಅಗಲವಿರಬೇಕು ಎಂಬುದನ್ನೂ ಹೇಳುವ ಗ್ರಂಥ ಅದು. ಅದು ಬೆಳಕಿಗೆ ಬಂದದ್ದು, ತನ್ನ ಬೀದಿಗಳನ್ನು ಹೊಸದಾಗಿ ಎಳೆಯುತ್ತಿದ್ದ ರಾಜಧಾನಿಯಲ್ಲಿ.

ಅಲ್ಲಿಂದ ಕೃಷ್ಣರಾಜ ಬುಲೇವಾರ್ಡಿನ ಸಾಲುಮರಗಳ ಕೆಳಗೆ ಸಾಗಿದರೆ ಯುವರಾಜ ಕಾಲೇಜು, ಮಹಾರಾಜ ಕಾಲೇಜುಗಳ ಪರಿಸರ. 1916ರಲ್ಲಿ ಆರಂಭವಾದ ಮೈಸೂರು ವಿಶ್ವವಿದ್ಯಾನಿಲಯ ಬೆಳೆದ ನೆಲ. ಮುಂದೆ 1864ರಲ್ಲಿ ಮುಮ್ಮಡಿಯವರು ಕಟ್ಟಿಸಿದ ಕುಕ್ಕರಹಳ್ಳಿ ಕೆರೆ. ಇದರ ಏರಿಯ ಮೇಲೆ ಕುವೆಂಪು ನಡೆದಿದ್ದಾರೆ, ಆರ್.ಕೆ. ನಾರಾಯಣ್ ನಡೆದಿದ್ದಾರೆ. ಕೆರೆಯಾಚೆಯ ಮಾನಸಗಂಗೋತ್ರಿಗೆ ಆ ಹೆಸರಿಟ್ಟವರೂ ಕುವೆಂಪು ಅವರೇ. ಅಲ್ಲಿರುವ ಜಯಲಕ್ಷ್ಮೀವಿಲಾಸ ಯಾರ ಮನೆ ಎಂದು ಮಾರ್ಗದರ್ಶಕರು ಕೇಳುತ್ತಾರೆ. ಯಾರ ಮದುವೆಯ ದಿನಗಳಲ್ಲಿ ಮರದ ಅರಮನೆ ಉರಿದುಹೋಯಿತೋ, ಅದೇ ಜಯಲಕ್ಷಮ್ಮಣ್ಣಿಯವರಿಗಾಗಿ 1905ರಲ್ಲಿ ಕಟ್ಟಿದ ಮಹಲು. ಇಂದು ಅದರ ಹೆಸರಿನೊಂದಿಗೆ ಬೆಸೆದುಕೊಂಡಿರುವುದು ಜಾನಪದ ವಸ್ತುಸಂಗ್ರಹಾಲಯ. ರಾಜಕುಮಾರಿಯ ಅಂತಃಪುರಕ್ಕೆ ಹಳ್ಳಿಯ ಸೋಮನ ಕುಣಿತದ ಮುಖಗಳೂ ತೊಗಲುಬೊಂಬೆಗಳೂ ಬಂದು ಸೇರಿದ್ದು ಪ್ರಜಾಪ್ರಭುತ್ವ ಮಾಡಿದ ಒಳ್ಳೆಯ ಕೆಲಸಗಳಲ್ಲಿ ಒಂದು.

ಸೈಕಲ್ಲಿಗೆ ಊರು, ಊರಿಗೆ ಸೈಕಲ್

2017ರ ಜೂನ್‌ನಲ್ಲಿ ಮೈಸೂರು 'ಟ್ರಿಣ್ ಟ್ರಿಣ್' ಹೆಸರಿನ ಸಾರ್ವಜನಿಕ ಸೈಕಲ್ ಸೇವೆಯನ್ನು 450 ಸೈಕಲ್‌ಗಳೊಂದಿಗೆ ಆರಂಭಿಸಿತು. ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ನೆರವೂ ಅದಕ್ಕಿತ್ತು. ದೇಶದ ಬೇರೆ ಹಲವು ನಗರಗಳು ಇನ್ನೂ ಯೋಚಿಸುತ್ತಿದ್ದಾಗ ಈ ಊರು ಹೆಜ್ಜೆ ಇಟ್ಟದ್ದು ಆಕಸ್ಮಿಕವಲ್ಲ. ಊರೊಳಗಿನ ಮುಖ್ಯ ತಾಣಗಳೆಲ್ಲ ಅರಮನೆಯಿಂದ ನಾಲ್ಕೈದು ಕಿಲೋಮೀಟರಿನ ಒಳಗಿವೆ, ರಸ್ತೆಗಳಿಗೆ ನೆರಳಿದೆ.

ಆದರೆ ಆ ನೆರಳು ಈಗ ತೆಳುವಾಗುತ್ತಿದೆ. ರಸ್ತೆ ಅಗಲೀಕರಣಕ್ಕೆ ಮರಗಳು, ಪಾರ್ಕಿಂಗಿಗೆ ಫುಟ್‌ಪಾತು, ಅಪಾರ್ಟ್‌ಮೆಂಟಿಗೆ ಹೆಂಚಿನ ಮನೆಗಳು ಬಲಿಯಾಗುತ್ತಿವೆ. ಪರಂಪರೆ ಎಂದರೆ ದೀಪಾಲಂಕಾರದ ಅರಮನೆಯೊಂದೇ ಎಂದುಕೊಂಡಿರುವವರೆಗೆ ಇದನ್ನು ತಡೆಯುವುದು ಕಷ್ಟ. ಬೀದಿಯೂ ಪರಂಪರೆಯೇ ಎಂದು ಅರಿವಾಗುವುದು ಆ ಬೀದಿಯಲ್ಲಿ ನಿಧಾನವಾಗಿ ಸಾಗಿದವರಿಗೆ ಮಾತ್ರ. ಅದಕ್ಕೇ ಈ ಸವಾರಿ ಹೊರಊರಿನ ಪ್ರವಾಸಿಗರಿಗಷ್ಟೇ ಸೀಮಿತವಾಗಬಾರದು. ಮೈಸೂರಿನ ಪ್ರತಿ ಹೈಸ್ಕೂಲಿನ ಮಕ್ಕಳೂ ವರ್ಷಕ್ಕೊಂದು ಬೆಳಿಗ್ಗೆ ನಜರಾಬಾದಿನಿಂದ ಕುಕ್ಕರಹಳ್ಳಿಯವರೆಗೆ ಪೆಡಲ್ ತುಳಿಯಲಿ. ಅರಮನೆಯ ಸುತ್ತಲಿನ ರಸ್ತೆಗಳು ಭಾನುವಾರದ ಬೆಳಗಿನ ಕೆಲವು ಗಂಟೆ ಸೈಕಲ್ಲಿಗೂ ಪಾದಚಾರಿಗಳಿಗೂ ಮೀಸಲಾಗಲಿ. ಸೋರುವ ಸೂರನ್ನು ಕಂಡು ಪಾಲಿಕೆಗೆ ದೂರು ಬರೆಯುವ, ಕಡಿಯಲು ಗುರುತು ಹಾಕಿದ ಮರದ ಎದುರು ನಿಲ್ಲುವ ನಾಗರಿಕರು ತಯಾರಾಗುವುದು ಹಾಗೆ. ಪ್ಲೇಗು ಬಂದಾಗ ತನ್ನನ್ನು ಹೊಸದಾಗಿ ಕಟ್ಟಿಕೊಂಡ ಊರಿಗೆ ಇದು ದೊಡ್ಡ ಕೆಲಸವೇನಲ್ಲ.

ಹೊರಡುವವರಿಗೆ

ಸಮಯ: ಬೆಳಿಗ್ಗೆ ಆರೂವರೆಯಿಂದ ಒಂಬತ್ತೂವರೆ ಒಳ್ಳೆಯದು. ಅಕ್ಟೋಬರಿನಿಂದ ಫೆಬ್ರುವರಿವರೆಗೆ ಹವೆ ಹಿತ. ದಸರಾ ದಿನಗಳಲ್ಲಿ ಜನಸಂದಣಿ ಇರುವುದರಿಂದ ಮುಂಚಿತವಾಗಿ ಕಾಯ್ದಿರಿಸಿ.

ಸೈಕಲ್: ಹೊರಡುವ ಮುನ್ನ ಬ್ರೇಕ್, ಗಾಳಿ, ಸೀಟಿನ ಎತ್ತರ ನೋಡಿಕೊಳ್ಳಿ. ಹೆಲ್ಮೆಟ್ ಇರಲಿ, ನೀರಿನ ಬಾಟಲಿ ಮರೆಯಬೇಡಿ.

ಹೊಟ್ಟೆಗೆ: ಸವಾರಿ ಮುಗಿಸಿ ನಜರಾಬಾದಿಗೆ ಮರಳಿದರೆ ಮೈಲಾರಿಯ ಮೆತ್ತನೆಯ ಬೆಣ್ಣೆದೋಸೆ. ಊರಿಗೆ ಒಯ್ಯಲು ಸಯ್ಯಾಜಿರಾವ್ ರಸ್ತೆಯ ಮೈಸೂರುಪಾಕು.

ಮರ್ಯಾದೆ: ಅಗ್ರಹಾರ, ಗಲ್ಲಿಗಳು ಜನ ವಾಸಿಸುವ ಜಾಗ. ಕೇಳದೆ ಫೋಟೊ ತೆಗೆಯಬೇಡಿ. ಮಾರುಕಟ್ಟೆಯಲ್ಲಿ ನೋಡಿ ಹಾಗೇ ಬರುವ ಬದಲು ಒಂದು ಮೊಳ ಹೂವನ್ನಾದರೂ ಕೊಂಡು ಬನ್ನಿ.